ಹೆಸರು ಕಲಿಯಲು ಸಿಂಗಪುರಕ್ಕೆ

ಕಂಟೋನ್ಮೆಂಟ್ ಸ್ಟೇಷನ್

ಸಿಂಗಪುರಕ್ಕೆ ಹೋಗಿ ಬಂದವರೆಲ್ಲ ವಿಮಾನದ ಕಿಟಕಿಯಿಂದ ಕಥೆ ಶುರು ಮಾಡುತ್ತಾರೆ. ನನ್ನದು ಕಂಟೋನ್ಮೆಂಟ್ ಸ್ಟೇಷನ್ನಿನ ಬೆಂಚಿನ ಮೇಲೆ, ಒಬ್ಬ ಹೆಂಗಸಿನ ಜೊತೆ ಜಗಳದಿಂದ ಶುರುವಾಯಿತು. ಮದ್ರಾಸಿನ ರೈಲು ಇನ್ನೂ ಬಂದಿರಲಿಲ್ಲ. ಆಕೆ ನಮ್ಮ ಪಕ್ಕ ಕೂತು, ನನ್ನ ಮಗಳ ಮುಖವನ್ನು ನಿಧಾನವಾಗಿ ಓದಿ ಮುಗಿಸಿ, "ಅಯ್ಯೋ ಪಾಪ! ಹುಟ್ದಾಗ್ಲಿಂದ ಹಿಂಗೇನಾ?" ಎಂದರು.

"ಇಲ್ಲ, ನಿನ್ನೆಯಿಂದ" ಎಂದೆ.

ಆಕೆಗೆ ಸಿಟ್ಟು ಬಂತು. ಒಳ್ಳೆ ಮಾತು ಆಡಿದವರಿಗೆ ಹೀಗಾ ಅನ್ನೋದು ಎಂದು ಬ್ಯಾಗು ಎತ್ತಿಕೊಂಡು ಬೇರೆ ಬೆಂಚಿಗೆ ಹೋದರು. ಮಗಳು ಮಾತ್ರ ಆಕೆಯ ಕಡೆ ಕೈ ಬೀಸಿ ನಗುತ್ತಲೇ ಇದ್ದಳು. ತನ್ನನ್ನು ಹೆಸರು ಹಿಡಿದು ಕರೆದವರಿಗೆಲ್ಲ ಅವಳು ಹಾಗೆಯೇ ನಗುತ್ತಿದ್ದದ್ದು.

ಅವಳ ನಿಜವಾದ ಹೆಸರು ರೇಣುಕಾ. ಆಗ ಒಂಬತ್ತು ವರ್ಷ. ಹುಟ್ಟಿದಾಗಲೇ ಡಾಕ್ಟರು ಡೌನ್ ಸಿಂಡ್ರೋಮ್ ಎಂದಿದ್ದರು. ಮಾತು ತಡವಾಗುತ್ತದೆ, ಕಲಿಕೆ ನಿಧಾನ, ತಾಳ್ಮೆ ಇರಲಿ ಎಂದಿದ್ದರು. ತಾಳ್ಮೆ ನನ್ನ ಹುಟ್ಟುಗುಣವಲ್ಲ, ಆದರೂ ಕಾದೆ. ಮಾತು ಬಂತು, ಬೆರಳೆಣಿಕೆಯಷ್ಟು ಪದ. ಅದರಲ್ಲಿ ಅವಳ ಹೆಸರು ಮಾತ್ರ ಇರಲಿಲ್ಲ. ಯಾರು "ನಿನ್ ಹೆಸ್ರೇನಮ್ಮ?" ಎಂದರೂ ಎದೆ ಮುಟ್ಟಿಕೊಂಡು "ಪಾಪ" ಎನ್ನುತ್ತಿದ್ದಳು.

ಇದು ಹಲಸೂರಿನಲ್ಲಿ ಮಾತ್ರ ಆಗಬಹುದಾದ ಎಡವಟ್ಟು. ಪಕ್ಕದ ಮನೆಯ ತಮಿಳು ಅಜ್ಜಿ ರುಕ್ಮಿಣಿ ಪಾಟಿ ಅವಳನ್ನು ಎಳೆ ಕೂಸಾಗಿದ್ದಾಗಿನಿಂದ ಎತ್ತಿ ಆಡಿಸಿದವರು. ಅವರ ತಮಿಳಿನಲ್ಲಿ ಪಾಪಾ ಎಂದರೆ ಪುಟ್ಟ ಹುಡುಗಿ, ಕಂದ. ಬೆಳಗಾದರೆ ಗೋಡೆಯಾಚೆಯಿಂದ "ಪಾಪಾ, ಇಂಗೆ ವಾ", ಇಲ್ಲಿ ಬಾ ಎಂಬ ಕೂಗು. ಇವಳು ಮುಖ ತೊಳೆಯದೆಯೇ ಓಡಿ ಹೋಗಿ ಬಿಸಿ ಇಡ್ಲಿಯ ಮುಂದೆ ಕೂರುತ್ತಿದ್ದಳು. ಈಚೆ ಕಡೆ, ಕೆ.ಆರ್. ಪುರದಿಂದ ಬರುವ ನಮ್ಮ ನೆಂಟರು ಚಪ್ಪಲಿ ಬಿಡುವ ಮುಂಚೆಯೇ "ಪಾಪ" ಎಂದು ನಿಟ್ಟುಸಿರು ಬಿಡುತ್ತಿದ್ದರು. ಬಸ್ಸಿನಲ್ಲಿ ಪಾಪ, ತರಕಾರಿ ಅಂಗಡಿಯಲ್ಲಿ ಪಾಪ, ದೇವಸ್ಥಾನದಲ್ಲಿ ಎರಡು ಸಲ ಪಾಪ. ಗೋಡೆಯ ಆಚೆ ಮುದ್ದು, ಈಚೆ ಮರುಕ. ಕೊನೆಯ ದೀರ್ಘ ಒಂದರ ವ್ಯತ್ಯಾಸ ಆ ಮಗುವಿನ ಕಿವಿಗೆ ಎಲ್ಲಿ ಗೊತ್ತಾಗಬೇಕು? ಊರೆಲ್ಲ ಒಂದೇ ಹೆಸರಿನಿಂದ ಕರೆಯುತ್ತಿದೆ ಎಂದುಕೊಂಡಳು. ಖುಷಿಯಾಗಿದ್ದಳು.

ಹಿಂದಿನ ವರ್ಷ ಇಂದಿರಾನಗರದ ಒಂದು ಶಾಲೆಗೆ ಕರೆದುಕೊಂಡು ಹೋಗಿದ್ದೆ. ಹೆಡ್‌ಮಿಸ್ ಹೆಸರು ಕೇಳಿದರು, ಇವಳು ಪಾಪ ಎಂದಳು. "ಹೆಸ್ರು ಕೂಡ ಹೇಳಕ್ಕೆ ಬರಲ್ವಲ್ಲಮ್ಮ. ಮೊದ್ಲು ಹೆಸ್ರು ಕಲ್ಸಿ. ಮುಂದಿನ್ ಜೂನಿಗೆ ಕರ್ಕೊಂಡ್ ಬನ್ನಿ, ನೋಡೋಣ" ಎಂದರು. ಆ "ನೋಡೋಣ"ವನ್ನು ನಾನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದೆ. ಬೇರೆ ಮಕ್ಕಳ ಜೊತೆ, ಬೇರೆ ಮಕ್ಕಳಂತೆಯೇ ಬೆಂಚಿನ ಮೇಲೆ ನನ್ನ ಮಗಳು ಕೂರಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ, ಅದಕ್ಕೆ ಒಂದು ಹೆಸರಿನ ಅಡ್ಡಿ.

ನನ್ನ ತಮ್ಮ ಶಂಕರ ನಮ್ಮ ತಿಪ್ಪಸಂದ್ರದ ಕಡೆಯ ವಿಮಾನ ಕಾರ್ಖಾನೆಯಲ್ಲಿ ಕೆಲಸ ಕಲಿತು, ಸಿಂಗಪುರದಲ್ಲಿ ವಿಮಾನ ರಿಪೇರಿಗೆ ಸೇರಿದ್ದ. ಅವನ ಫೋನು ಬಂತು. "ಅಕ್ಕ, ಇಲ್ಲಿ ನಮ್ ಸೂಪರ್‌ವೈಸರ್ ಹೆಂಡ್ತಿ ಇಂಥ ಮಕ್ಳಿಗೇನೇ ಪಾಠ ಮಾಡ್ತಾರೆ. ಬೇಸಿಗೇಲಿ ಬಂದ್ಬಿಡು. ಇರೋವರ್ಗೂ ಕೂರಿಸ್ಕೊಳ್ತಾರಂತೆ." ನನ್ನವರಿಗೆ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ನಾನು ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಬ್ಲೌಸ್ ಹೊಲಿಯುವವಳು. ಮದುವೆ ಸೀಸನ್ನಿನ ಬ್ಲೌಸುಗಳನ್ನೆಲ್ಲ ವಾಪಸು ಕೊಟ್ಟು, ಬೈಸಿಕೊಂಡು, ಅಂಗಡಿಗೆ ಬೀಗ ಹಾಕಿದೆ.

ಮದ್ರಾಸಿನ ದಾರಿ

ಜೋಲಾರಪೇಟೆ ದಾಟಿದ ಮೇಲೆ ನನ್ನ ಮಗಳು ರಾಣಿಯಾದಳು. ಸರಿದು ಕೂರು ಎನ್ನಲು ಟೀ ಮಾರುವವನು "ಪಾಪಾ, ತಳ್ಳಿ ಉಕ್ಕಾರು" ಎಂದ. ಎದುರು ಸೀಟಿನ ಅಜ್ಜಿ ಮುರುಕು ಕೊಡುತ್ತಾ ಪಾಪಾ ಎಂದಳು. ವಿಮಾನ ನಿಲ್ದಾಣದಲ್ಲಿ ಬಂದೂಕು ಹಿಡಿದ ಪೊಲೀಸು ಕೂಡ, "ಪಾಪಾ, ಅಮ್ಮ ಕೈಯ ಪುಡಿ" ಎಂದು ನನ್ನ ಕೈ ಹಿಡಿಯಲು ಹೇಳಿದ. ಪ್ರತಿ ಸಲವೂ ಅವಳು ನನ್ನ ಕಡೆ ತಿರುಗಿ ಹುಬ್ಬು ಏರಿಸುತ್ತಿದ್ದಳು. ಇಷ್ಟು ದೂರ ಬಂದರೂ ಎಲ್ಲರಿಗೂ ನನ್ನ ಹೆಸರು ಗೊತ್ತು, ನಿನ್ನ ಹೆಸರು ಯಾರಿಗೂ ಗೊತ್ತಿಲ್ಲ ಎಂಬಂತೆ.

ವಿಮಾನದಲ್ಲಿ ಯಾರೂ ಕರೆಯಲಿಲ್ಲ. ಬೆಲ್ಟು ಕಟ್ಟಿದ ಹುಡುಗಿ "ಸ್ವೀಟ್ ಹಾರ್ಟ್" ಎಂದಳು. ಇವಳು ಅದು ಬೇರೆ ಯಾರಿಗೋ ಎಂದು ಹಿಂದೆ ತಿರುಗಿ ನೋಡಿದಳು.

ಏಳನೇ ಮಹಡಿ

ಸಿಂಗಪುರದ ಬಗ್ಗೆ ಎಲ್ಲರೂ ಹೇಳುವುದು ನಿಜ. ರಸ್ತೆ ನಮ್ಮ ಮನೆಯ ಅಡುಗೆಕಟ್ಟೆಗಿಂತ ಚೊಕ್ಕಟ. ಬಸ್ಸು ನಿಂತ ಮೇಲೆಯೇ ಜನ ಇಳಿಯುತ್ತಾರೆ. ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಓಡುವ ಬಸ್ಸಿಗೆ ಮಗುವನ್ನು ಮೊದಲು ಎಸೆದು ಆಮೇಲೆ ಹಾರಿ ಅಭ್ಯಾಸವಿದ್ದ ನನಗೆ ಬಾಗಿಲು ಮುಚ್ಚುವವರೆಗೂ ಏನು ಮಾಡಬೇಕೋ ತೋಚುತ್ತಿರಲಿಲ್ಲ.

ಇನ್ನೊಂದು ವಿಷಯವನ್ನು ಯಾರೂ ಹೇಳಿರಲಿಲ್ಲ. ಅಲ್ಲಿ ನನ್ನ ಮಗಳನ್ನು ಯಾರೂ ನೋಡಲಿಲ್ಲ. ಹುಟ್ಟಿದಾಗಿಂದ ಹೀಗೇನಾ ಎಂದು ಕೇಳಲಿಲ್ಲ, ಯಾವ ದೇವರಿಗೆ ಹರಕೆ ಹೊರಬೇಕೆಂದು ಹೇಳಲಿಲ್ಲ, ಯಾವ ಎಣ್ಣೆ ಹಚ್ಚಬೇಕೆಂದೂ ಹೇಳಲಿಲ್ಲ. ಮೊದಲ ದಿನ ಎದೆ ಹಗುರಾಯಿತು. ಬೆಂಗಳೂರಿನಲ್ಲಿ ಮನೆಯಿಂದ ಹೊರಡುವಾಗ ನಾನು ಜಗಳಕ್ಕೆ ಸಿದ್ಧಳಾಗಿಯೇ ಹೊರಡುತ್ತಿದ್ದೆ ಎಂಬುದು ಅಲ್ಲಿ ಹೋದ ಮೇಲೆಯೇ ತಿಳಿದದ್ದು. ಕೆಲವು ದಿನ ಕಳೆದ ಮೇಲೆ ಬೇರೊಂದು ಕಂಡಿತು. ಅಲ್ಲಿ ಯಾರೂ ಅವಳ ಕೆನ್ನೆ ಹಿಂಡಲೂ ಇಲ್ಲ. ಬಸ್ಸಿನಲ್ಲಿ ಯಾರೂ ಅವಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲಿಲ್ಲ. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿ, ಕಾದು, ಕೊನೆಗೆ ಕಿಟಕಿಯ ಕಡೆ ತಿರುಗುತ್ತಿದ್ದಳು.

ಶಂಕರನ ಮನೆ ಏಳನೇ ಮಹಡಿಯಲ್ಲಿ. ಲಿಫ್ಟು ನಿಲ್ಲುತ್ತಿದ್ದದ್ದು ಒಂದು, ಆರು, ಹನ್ನೊಂದರಲ್ಲಿ ಮಾತ್ರ. ಆರರಲ್ಲಿ ಇಳಿದು ಒಂದು ಮಹಡಿ ಹತ್ತಬೇಕು. ಅಷ್ಟೆಲ್ಲ ಬುದ್ಧಿವಂತರು ಸೇರಿ ಕಟ್ಟಿದ ದೇಶದಲ್ಲಿ ಇದೆಂಥ ಲಿಫ್ಟು ಎಂದು ನಾನು ಶಂಕರನನ್ನು ದಿನಾ ಛೇಡಿಸುತ್ತಿದ್ದೆ. ಒಂದು ಸಂಜೆ ಆರನೇ ಮಹಡಿಯಲ್ಲಿ ನಾನು ಚಪ್ಪಲಿ ಸರಿಮಾಡಿಕೊಳ್ಳುವಷ್ಟರಲ್ಲಿ ರೇಣುಕಾ ಒಳಗೆ ನುಗ್ಗಿದಳು, ಬಾಗಿಲು ಮುಚ್ಚಿತು, ಲಿಫ್ಟು ಹೋಯಿತು.

ಶಂಕರ ಕೆಳಗೆ ಓಡಿದ, ನಾನು ಮೇಲೆ ಹತ್ತಿದೆ. ಹನ್ನೊಂದನೇ ಮಹಡಿಯ ಉದ್ದದ ಓಣಿಯಲ್ಲಿ, ಬನಿಯನ್ನು ಹಾಕಿಕೊಂಡ ಒಬ್ಬ ಚೀನೀ ತಾತ ನನ್ನ ಮಗಳ ಕೈ ಹಿಡಿದು ಮನೆಯಿಂದ ಮನೆಗೆ ಹೋಗುತ್ತಿದ್ದ. ಬಾಗಿಲು ತಟ್ಟುವುದು, ಹೊರಬಂದ ಗಂಡಸನ್ನು ತೋರಿಸಿ ಅವಳನ್ನು "ಯುವರ್ ಪಾಪಾ?" ಎಂದು ಕೇಳುವುದು. ಅವಳು ಎದೆ ಮುಟ್ಟಿಕೊಂಡು "ಪಾಪ" ಎನ್ನುವುದು. ತಾತ ಗಾಬರಿಯಿಂದ ಮುಂದಿನ ಬಾಗಿಲಿಗೆ. ಹೆಸರು ಕೇಳಿದ್ದಕ್ಕೆ ಅವಳು ಹೆಸರು ಹೇಳಿದ್ದಳು. ಅಪ್ಪನನ್ನು ಹುಡುಕುತ್ತಿದೆ ಈ ಮಗು ಎಂದು ಆತ ತಿಳಿದುಕೊಂಡಿದ್ದ.

ನನ್ನನ್ನು ಕಂಡು ಆತ ಚೆನ್ನಾಗಿ ಬೈದ. ಭಾಷೆ ತಿಳಿಯಲಿಲ್ಲ, ಬೈಗುಳ ತಿಳಿಯಿತು. ಶಂಕರ ಕಥೆ ಕೇಳಿ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಆಮೇಲೆ ಮಗಳ ತಲೆ ಬಾಚುವಾಗ ಹೆಣೆದ ಜಡೆಯನ್ನೇ ಬಿಚ್ಚಿ ಮತ್ತೆ ಹೆಣೆದೆ. ನಾನಿಲ್ಲದ ಒಂದು ದಿನ ಇವಳು ಕಳೆದುಹೋದರೆ, ಯಾವ ಊರಿನಲ್ಲಿ ಯಾರು ಇವಳನ್ನು ಮನೆಗೆ ತಂದು ಬಿಡುತ್ತಾರೆ?

ಶಾಲೆ

ಸೂಪರ್‌ವೈಸರ್ ಹೆಂಡತಿ ಮಿಸೆಸ್ ಟಾನ್ ಸಣ್ಣ ಗಾತ್ರದ, ಗಟ್ಟಿ ದನಿಯ ಟೀಚರು. ಆಕೆಯ ಸ್ಕರ್ಟಿನ ಅಂಚು ಒಂದು ಕಡೆ ಬಿಚ್ಚಿಹೋಗಿ ಸೇಫ್ಟಿಪಿನ್ ಹಾಕಿತ್ತು. ನೋಡಿದೊಡನೆ ನನಗೆ ನಂಬಿಕೆ ಬಂತು, ಬಟ್ಟೆಯ ಕಡೆ ಗಮನ ಕೊಡಲು ಪುರುಸೊತ್ತಿಲ್ಲದ ಹೆಂಗಸು.

ಅವರ ಶಾಲೆ ಒಂದು ದೊಡ್ಡ ಶಾಲೆಯ ಕಾಂಪೌಂಡಿನೊಳಗೇ ಇತ್ತು. ಬಿಡುವಿನಲ್ಲಿ ಎರಡೂ ಕಡೆಯ ಮಕ್ಕಳು ಒಂದೇ ಅಂಗಳದಲ್ಲಿ ಆಡುತ್ತಿದ್ದರು. ಬೆಳಿಗ್ಗೆ ಬಂದ ಮಗು ಬಾಗಿಲ ಬಳಿಯ ಹಲಗೆಯಿಂದ ತನ್ನ ಫೋಟೋ ತೆಗೆದು "ಬಂದಿದ್ದೇನೆ" ಎಂಬ ಹಲಗೆಗೆ ಅಂಟಿಸಬೇಕು. ರೇಣುಕಾ ಮೊದಲ ದಿನ ಎಲ್ಲರ ಫೋಟೋವನ್ನೂ ತೆಗೆದು ಅಂಟಿಸಿಬಿಟ್ಟಳು, ಜ್ವರ ಬಂದು ಮನೆಯಲ್ಲಿ ಮಲಗಿದ್ದ ಹುಡುಗನದನ್ನೂ ಸೇರಿಸಿ.

ಅಂಗಳದ ಆಟದಲ್ಲಿ ದೊಡ್ಡ ಶಾಲೆಯ ಒಬ್ಬ ಹುಡುಗಿ ಇವಳನ್ನು ಮುಟ್ಟಿ "ಔಟ್" ಎಂದಳು. ಇವಳು ಒಪ್ಪಲಿಲ್ಲ. ಆ ಹುಡುಗಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಜಗಳಕ್ಕೆ ನಿಂತಳು. ನಮ್ಮ ಬೀದಿಯ ಮಕ್ಕಳು ಇವಳನ್ನು ಸುಮ್ಮನೆ ಸೇರಿಸಿಕೊಳ್ಳುತ್ತಾರೆ. ಇವಳು ಔಟಾದರೂ ಔಟಲ್ಲ, ಗೆದ್ದರೂ ಗೆದ್ದಂತಲ್ಲ. ಅಲ್ಲಿ ಅವಳು ಔಟಾಗಿ, ಅಳುತ್ತಾ ಗೋಡೆ ಪಕ್ಕ ಕೂತಿದ್ದನ್ನು ಕಂಡು ನನಗೆ ಎಷ್ಟು ಸಂತೋಷವಾಯಿತೆಂದು ಯಾರಿಗೆ ಹೇಳಲಿ.

ಮಿಸೆಸ್ ಟಾನ್ ನನ್ನನ್ನು ಕರೆದು ಕೇಳಿದರು, "ಪಾಪ ಅಂದರೇನು? ಮನೆಯಲ್ಲಿ ಕರೆಯುವ ಹೆಸರೆ?"

ನನ್ನ ಇಂಗ್ಲಿಷು ಅಳತೆಯ ಟೇಪಿನಷ್ಟೇ ಉದ್ದ: ಚೆಸ್ಟ್, ವೇಸ್ಟ್, ಶೋಲ್ಡರ್, ಫ್ರೈಡೇ ಗ್ಯಾರಂಟಿ. ಅದರಲ್ಲೇ ಹೇಳಿದೆ, ತಮಿಳಿನಲ್ಲಿ ಪುಟ್ಟ ಹುಡುಗಿ ಎಂದರ್ಥ. ಆಕೆ ಮುಖ ಅರಳಿಸಿ, ಚೆಂದದ ಹೆಸರು, ಇರಲಿ ಬಿಡಿ ಎಂದರು. ನಾನು ಅಲ್ಲಿಗೇ ಸುಮ್ಮನಾಗಬಹುದಿತ್ತು. ಆದರೆ ಜೂನ್ ನೆನಪಾಯಿತು.

"ನನ್ನ ಭಾಷೆಯಲ್ಲಿ ಬೇರೆ" ಎಂದೆ. "ಜನ ಅವಳನ್ನು ನೋಡಿ ಹೇಳುತ್ತಾರೆ. ಸಾರಿ, ಅಂತ. ಪಾಪ ಅಂದರೆ ಸಾರಿ."

"ಯಾಕೆ ಸಾರಿ?"

"ಅವಳು ಹೀಗಿರುವುದಕ್ಕೆ."

ಮಿಸೆಸ್ ಟಾನ್ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, ಅರ್ಥ ಸರಿಯಾಗಿ ಆಗಿದೆಯೇ ಎಂದು ಖಚಿತ ಮಾಡಿಕೊಳ್ಳುವವರಂತೆ ಬಿಡಿಸಿ ಬಿಡಿಸಿ ಕೇಳಿದರು. "ಅಂದರೆ, ನಿನ್ನ ಹೆಸರೇನು ಎಂದು ಕೇಳಿದರೆ ಈ ಮಗು 'ಸಾರಿ' ಎನ್ನುತ್ತಾಳೆಯೆ?"

ನಮ್ಮ ಭಾಷೆಯಲ್ಲಿ ಪಾಪ ಎಂಬ ಪದಕ್ಕೆ ಇನ್ನೊಂದು ಅರ್ಥವೂ ಇದೆ, ಹೋದ ಜನ್ಮದಿಂದ ಹೊತ್ತು ತರುವಂಥದ್ದು. ಅದನ್ನು ಅವರಿಗೆ ಹೇಳಲಿಲ್ಲ. ಶೌಚಾಲಯಕ್ಕೆ ಹೋಗಿ ಅತ್ತೆ. ಅಲ್ಲಿಯ ನಲ್ಲಿ ಒಮ್ಮೆ ಒತ್ತಿದರೆ ಸ್ವಲ್ಪ ನೀರು ಬಿಟ್ಟು ತಾನೇ ನಿಲ್ಲುವಂಥದ್ದು. ಅಳುವ ಸದ್ದು ಹೊರಗೆ ಕೇಳದಿರಲಿ ಎಂದು ಮತ್ತೆ ಮತ್ತೆ ಒತ್ತಬೇಕಾಯಿತು.

ಮಾರನೆಯ ದಿನದಿಂದ ಬೇರೆ ಪಾಠವೆಲ್ಲ ಬಿಟ್ಟು ಅದೊಂದೇ ಕೆಲಸ. ಒಂದು ಕನ್ನಡಿ, ಅವಳ ಫೋಟೋ, ಮತ್ತು ಚಪ್ಪಾಳೆ. ರೇ, ಣು, ಕಾ. ಮಿಸೆಸ್ ಟಾನ್ ಅವರಿಗೇ ಆ "ಣು" ಹೊರಳುತ್ತಿರಲಿಲ್ಲ. ಟೀಚರು, ವಿದ್ಯಾರ್ಥಿನಿ ಇಬ್ಬರನ್ನೂ ನಾನು ತಿದ್ದಬೇಕಾಯಿತು. "ನಾಟ್" ಎನ್ನಲು ನಿಮ್ಮಲ್ಲಿ ಏನೆನ್ನುತ್ತಾರೆ ಎಂದು ಕೇಳಿ "ಅಲ್ಲ" ಎಂಬುದನ್ನು ಕಲಿತರು. ರೇಣುಕಾ ಕನ್ನಡಿ ನೋಡಿ ಪಾಪ ಎಂದಾಗಲೆಲ್ಲ ತೋರುಬೆರಳು ಆಡಿಸಿ, "ಪಾಪ ಅಲ್ಲ" ಎನ್ನುತ್ತಿದ್ದರು. ಆ ಚೀನೀ ಬಾಯಿಯಲ್ಲಿ ಕನ್ನಡ ಕೇಳಿ ನಗು ಬರಬೇಕಿತ್ತು. ಬರಲಿಲ್ಲ.

ಮೊದಲು ಅವಳಿಗೆ ಅವಮಾನವಾಯಿತು. ಇದ್ದ ಹೆಸರನ್ನು ಯಾಕೆ ಕಿತ್ತುಕೊಳ್ಳುತ್ತಿದ್ದಾರೆಂದು ತಿಳಿಯದೆ ಕನ್ನಡಿಯನ್ನು ಬೋರಲು ಹಾಕುತ್ತಿದ್ದಳು. ರಾತ್ರಿ ಊಟಕ್ಕೆ ಬಾ ಪಾಪ ಎಂದು ನಾನು ಕರೆಯಲಿ ಎಂದು ಅಡುಗೆಮನೆ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು. ನಾನು ರೇಣುಕಾ ಎನ್ನುತ್ತಿದ್ದೆ. ಅವಳು ಬರುತ್ತಿರಲಿಲ್ಲ. ಹಾಗೆ ಎಷ್ಟೋ ಅನ್ನ ತಣ್ಣಗಾಯಿತು.

ಹೊರಡಲು ಎರಡು ದಿನ ಇರುವಾಗ ಬೆಳಿಗ್ಗೆ ಶಾಲೆಯ ಹಲಗೆಯ ಮುಂದೆ ನಿಂತು, ತನ್ನ ಫೋಟೋ ಒಂದನ್ನೇ ತೆಗೆದು, ಬೇಕಾದ ಕಡೆ ಅಂಟಿಸಿ, ಎದೆ ಮುಟ್ಟಿಕೊಂಡು, "ಪಾಪ ಅಲ್ಲ. ಏಣುಕಾ" ಎಂದಳು. ಮಿಸೆಸ್ ಟಾನ್ ಆ ಸೇಫ್ಟಿಪಿನ್ನಿನ ಸ್ಕರ್ಟಿನಲ್ಲೇ ಕುಣಿದುಬಿಟ್ಟರು.

ಲಿಟಲ್ ಇಂಡಿಯಾ

ಕೊನೆಯ ದಿನ ಶಂಕರ ನಮ್ಮನ್ನು ಅಲ್ಲಿಯ ತಮಿಳರ ಬೀದಿಗೆ ಕರೆದುಕೊಂಡು ಹೋದ. ಹಲಸೂರಿನ ಮಾರ್ಕೆಟ್ಟಿಗೆ ಯಾರೋ ಸ್ನಾನ ಮಾಡಿಸಿ ನಿಲ್ಲಿಸಿದ ಹಾಗಿತ್ತು. ಅದೇ ಮಲ್ಲಿಗೆ, ಅದೇ ಕರ್ಪೂರ, ಅದೇ ಪಾತ್ರೆ ಅಂಗಡಿ. ಹೂವಿನ ಅಂಗಡಿಯ ಹೆಂಗಸು ಇವಳನ್ನು ಕಂಡೊಡನೆ, "ಪಾಪಾ, ಪೂ ವೇಣುಮಾ?" ಎಂದು ಕೆನ್ನೆ ಸವರಲು ಕೈ ಚಾಚಿದಳು.

ರೇಣುಕಾ ತೋರುಬೆರಳು ಆಡಿಸಿ, "ಪಾಪ ಅಲ್ಲ" ಎಂದಳು.

ಶಂಕರ ಅವಳನ್ನು ಎತ್ತಿ ತಿರುಗಿಸಿದ. ನನಗೆ ಹೆಮ್ಮೆಯೋ ಹೆಮ್ಮೆ. ಹೂವಿನವಳು ನಕ್ಕಳು, ಆದರೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಹೂ ಕಟ್ಟತೊಡಗಿದಳು. ಅದು ನನ್ನ ಕಣ್ಣಿಗೆ ಬಿತ್ತು. ಆ ದಿನ ಅದೇನೂ ದೊಡ್ಡದೆನಿಸಲಿಲ್ಲ.

ಇಂದಿರಾನಗರ

ಊರಿಗೆ ಬಂದವಳೇ ನಾನು ಆ ಶಾಲೆಯ ಯೂನಿಫಾರಂ ಹೊಲಿದಿಟ್ಟೆ. ನೀಲಿ ಪಿನಫೋರು, ಮುಂದೆ ಬೆಳೆದರೆ ಬಿಚ್ಚಲು ಅಂಚಿನಲ್ಲಿ ಅಗಲ ಮಡಿಕೆ. ಸೀಟು ಸಿಗುವ ಮುಂಚೆ ಯಾರಾದರೂ ಹೊಲಿಯುತ್ತಾರೆಯೇ ಎಂದು ನನ್ನವರು ಕೇಳಿದರು. ಕೇಳಿಸದವಳಂತೆ ಗುಂಡಿಗೆ ಕಾಜಾ ಹಾಕುತ್ತಾ ಕೂತೆ.

ಜೂನಿನಲ್ಲಿ ಅದೇ ಹೆಡ್‌ಮಿಸ್, ಅದೇ ಕುರ್ಚಿ. "ವಾಟ್ ಈಸ್ ಯುವರ್ ನೇಮ್?"

"ಏಣುಕಾ."

ನಾನು ಉಸಿರು ಬಿಟ್ಟ ಸದ್ದು ನನಗೇ ಕೇಳಿಸಿತು. ಹೆಡ್‌ಮಿಸ್ ನಿಜವಾಗಿಯೂ ಸಂತೋಷಪಟ್ಟರು, ಡ್ರಾಯರಿನಿಂದ ಚಾಕಲೇಟು ತೆಗೆದುಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ ದನಿ ಇಳಿಸಿದರು. "ಪಾಪ, ಎಷ್ಟ್ ಚೆನ್ನಾಗ್ ಹೇಳ್ತಾಳೆ ನೋಡಿ. ಆದ್ರೆ ಅಮ್ಮ, ನಮ್ ಕ್ಲಾಸ್‌ಗಳೆಲ್ಲ ತುಂಬಿದಾವೆ. ಬೇರೆ ಪೇರೆಂಟ್ಸ್ ಒಪ್ಪಲ್ಲ, ನಾಳೆ ನಂಗೇ ಪ್ರಾಬ್ಲಮ್. ಇಂಥ ಮಕ್ಳಿಗೇ ಅಂತ ಬೇರೆ ಸ್ಕೂಲ್ ಇರತ್ತಲ್ಲ, ಅಲ್ಲಿ ಟ್ರೈ ಮಾಡಿ."

"ಪಾಪ ಅಲ್ಲ" ಎಂದಳು ರೇಣುಕಾ, ಚಾಕಲೇಟಿನ ಕೈಯನ್ನೇ ಆಡಿಸುತ್ತಾ.

"ಏನಂತಾಳೆ?"

"ಹೆಸ್ರು ಹೇಳ್ತಿದಾಳೆ, ಮೇಡಂ" ಎಂದೆ. "ನೀವೇ ಕಲ್ಸಿ ಅಂದಿದ್ರಲ್ಲ."

ಜಗಳಗಂಟಿಯೆಂದು ಹೆಸರು ಪಡೆದ ನಾನು ಅದಕ್ಕಿಂತ ಹೆಚ್ಚು ಏನೂ ಹೇಳದೆ ಎದ್ದು ಬಂದೆ. ಮುಂದೆ ಬೆನ್ಸನ್ ಟೌನ್ ಕಡೆ ಇಂಥ ಮಕ್ಕಳದೇ ಒಂದು ಸಣ್ಣ ಶಾಲೆಗೆ ಅವಳನ್ನು ಸೇರಿಸಿದೆವು. ಒಳ್ಳೆಯ ಟೀಚರುಗಳು. ಆದರೆ ಅಲ್ಲಿ "ಔಟ್" ಎಂದು ಸೊಂಟದ ಮೇಲೆ ಕೈಯಿಡುವ ಹುಡುಗಿ ಇರಲಿಲ್ಲ. ನೀಲಿ ಪಿನಫೋರನ್ನು ಗಿರಾಕಿಯೊಬ್ಬರ ಮಗಳಿಗೆ ಕೊಟ್ಟೆ. ಅಂಚು ಬಿಚ್ಚುವ ಅಗತ್ಯವೇ ಬೀಳಲಿಲ್ಲ, ಆ ಮಗುವಿಗೆ ಸರಿಯಾಗಿ ಕೂತಿತು.

ಹಲಸೂರು

ಬೇಸಿಗೆಗೆಂದು ವೇಲೂರಿನ ಮಗಳ ಮನೆಗೆ ಹೋಗಿದ್ದ ರುಕ್ಮಿಣಿ ಪಾಟಿ ಹಿಂತಿರುಗಿದ್ದು ಹೆಡ್‌ಮಿಸ್ ಇಲ್ಲವೆಂದ ದಿನವೇ. ಇಂದಿರಾನಗರದಿಂದ ನಾವು ಬಿಸಿಲಲ್ಲಿ ಬಂದು ಆಟೋ ಇಳಿಯುವಾಗ ಅವರು ತಮ್ಮ ಬಾಗಿಲಲ್ಲೇ ನಿಂತಿದ್ದರು. ಎರಡು ತೋಳನ್ನೂ ಚಾಚಿದರು. "ಪಾಪಾ! ಎನ್ ತಂಗಮೇ, ಇಂಗೆ ವಾ!"

ರೇಣುಕಾ ಓಡಿದಳು. ಅರ್ಧ ದಾರಿಯಲ್ಲಿ ನಿಂತಳು. ತೋರುಬೆರಳು ಮೇಲೆದ್ದಿತು. "ಪಾಪ ಅಲ್ಲ."

ಪಾಟಿ ನನ್ನ ಮುಖ ನೋಡಿದರು. ನಾನು ಅರ್ಧ ಕನ್ನಡ, ಅರ್ಧ ತಮಿಳಿನಲ್ಲಿ ಸಿಂಗಪುರದ ಕಥೆಯನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ನಾನು ಆ ಪಾಪ ಅಂದಿಲ್ಲ, ಕಣ್ಣಮ್ಮಾ. ಯಾವತ್ತೂ ಅಂದಿಲ್ಲ. ನಂದು ಪಾಪಾ" ಎಂದರು.

"ನಂಗ್ ಗೊತ್ತು ಪಾಟಿ."

"ಅವಳ್ಗೆ ಹೇಳು."

ಹೇಗೆ ಹೇಳಲಿ? ಮೊಣಕಾಲೂರಿ ಕೂತು, ಪಾಟಿಯ ಪಾಪಾ ಬೇರೆ, ಅದು ಒಳ್ಳೆಯದು, ಅದು ಮುದ್ದು ಎಂದೆ. ಅವಳು ನನ್ನ ಬಾಯಿಯನ್ನೇ ನೋಡಿ, ನಾನು ತಪ್ಪು ಹೇಳುತ್ತಿದ್ದೇನೆಂದು ಬೆರಳು ಆಡಿಸಿದಳು. ಅಷ್ಟು ಕಷ್ಟಪಟ್ಟು ಕಲಿತ ಪಾಠ. ಎರಡು ಪದವನ್ನು ಬೇರೆ ಮಾಡಲು ಬಾರದ ಮಗುವಿನಿಂದ ನಾವು ಕೆಟ್ಟದ್ದನ್ನು ಮಾತ್ರ ಕಿತ್ತುಹಾಕಲು ಹೋಗಿದ್ದೆವು. ಒಂದೇ ಎಳೆಯಲ್ಲಿ ಎರಡೂ ಕಿತ್ತು ಬಂದುಬಿಟ್ಟವು.

ಪಾಟಿ ಮಾನವಂತೆ. ತೋಳು ಇಳಿಸಿ, ಸೆರಗು ಸರಿಮಾಡಿಕೊಂಡು, "ಸರಿ, ಇನ್ಮೇಲೆ ಹೆಸ್ರೇ ಹೇಳ್ತೀನಿ" ಎಂದರು. ಮಾರನೆಯ ಬೆಳಿಗ್ಗೆ ಗೋಡೆಯಾಚೆಯಿಂದ "ರೇಣುಗಾ" ಎಂಬ ಕೂಗು ಬಂತು. ಇವಳು ಹೋದಳು, ಇಡ್ಲಿ ತಿಂದಳು, ಬಂದಳು. ಆ ಕೂಗಿನಲ್ಲಿ ತಪ್ಪೇನೂ ಇರಲಿಲ್ಲ. ರೇಷನ್ ಅಂಗಡಿಯಲ್ಲಿ ಕರೆಯುವ ಹಾಗಿತ್ತು, ಅಷ್ಟೇ.

ದೀಪಾವಳಿಗೆ ಪಾಟಿಯ ಮೊಮ್ಮಗಳು ತನ್ನ ಕೂಸನ್ನು ಕರೆದುಕೊಂಡು ವೇಲೂರಿನಿಂದ ಬಂದಳು. ಈಗಷ್ಟೇ ಹೆಜ್ಜೆ ಇಡುತ್ತಿದ್ದ ಹೆಣ್ಣು ಕೂಸು. ಆ ಭಾನುವಾರ ನಾನು ಮನೆಯಲ್ಲಿ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದೆ. ರೇಣುಕಾ ನನ್ನ ಪಕ್ಕ ಕೂತು ಗುಂಡಿಗಳನ್ನು ಬಣ್ಣ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದಳು. ಗೋಡೆಯಾಚೆಯಿಂದ ಕೇಳಿಸಿತು, ಹಳೆಯ ದನಿಯಲ್ಲೇ, ಅದೇ ರಾಗದಲ್ಲೇ.

"ಪಾಪಾ, ಇಂಗೆ ವಾ."

ಗುಂಡಿಗಳು ಚೆಲ್ಲಾಪಿಲ್ಲಿಯಾದವು. ಅವಳು ಬಾಗಿಲವರೆಗೆ ಓಡಿದಳು. ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತಳು. ಆಚೆ ಕೂಸಿನ ಗೆಜ್ಜೆಯ ಸದ್ದು, ಪಾಟಿಯ ನಗು. ಇವಳು ಬಹಳ ಹೊತ್ತು ಅಲ್ಲೇ ನಿಂತು ಕೇಳಿದಳು. ಬೆರಳು ಆಡಿಸಲಿಲ್ಲ. ಆಮೇಲೆ ಮೆಲ್ಲಗೆ ಹಿಂದಕ್ಕೆ ಬಂದು, ನನ್ನ ಪಕ್ಕ ಕೂತು, ಯಾರೂ ಕೇಳದಿದ್ದರೂ ಎದೆ ಮುಟ್ಟಿಕೊಂಡು, "ಏಣುಕಾ" ಎಂದಳು.